ಮಂಡಿ ಊತ ತಿಂಗಳಾದರೂ ಇಳಿಯುತ್ತಿಲ್ವಾ? ಎಕ್ಸ್‌ರೇ, ರಕ್ತ ಹೇಳದ್ದನ್ನು ಕೀಲಿನೊಳಗಿನ ಪೊರೆ ಹೇಳಬಹುದು

ಚಳ್ಳಕೆರೆ: ನಮ್ಮ ಸೋದರಮಾವನದು ಕಿರಾಣಿ ಅಂಗಡಿ. ಬೆಳಗ್ಗೆ ಏಳಕ್ಕೆ ಶಟರ್ ಎತ್ತಿದರೆ ರಾತ್ರಿ ಒಂಬತ್ತೂವರೆಗೆ ಇಳಿಸೋದು. ಹೋದ ವರ್ಷ ಯುಗಾದಿ ಹೊತ್ತಿಗೆ ಅವರ ಬಲ ಮಂಡಿ ಸ್ವಲ್ಪ ಊದಿಕೊಂಡಿತು. ಅಕ್ಕಿ ಮೂಟೆ ಇಳಿಸುವಾಗ ಉಳುಕಿರಬೇಕು ಅಂತ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮೆಡಿಕಲ್ ಶಾಪಿನ ಮಾತ್ರೆ ಆಯ್ತು, ಹರಳೆಣ್ಣೆ ಆಯ್ತು, ಪಕ್ಕದೂರಲ್ಲಿ ನಾಟಿ ಕಟ್ಟು ಕಟ್ಟಿಸಿದ್ದೂ ಆಯ್ತು. ಒಂದು ಕ್ಲಿನಿಕ್‌ನಲ್ಲಿ ಮಂಡಿಯೊಳಗೇ ಎರಡು ಸಲ ಇಂಜೆಕ್ಷನ್ ಕೊಟ್ಟರು. ಪ್ರತಿ ಸಲವೂ ಎರಡು ಮೂರು ವಾರ ಆರಾಮ, ಆಮೇಲೆ ಮೊದಲಿಗಿಂತ ಜೋರು. ಗಣಪತಿ ಹಬ್ಬದ ಹೊತ್ತಿಗೆ ಮಂಡಿ ತೆಂಗಿನಕಾಯಿ ಗಾತ್ರಕ್ಕೆ ಬಂದಿತ್ತು, ಅದರ ಮೇಲಿನ ತೊಡೆ ಮಾತ್ರ ಕಡ್ಡಿ ಥರ ಸೊರಗಿತ್ತು.

ಅಷ್ಟರಲ್ಲಿ ಒಂದು ಪ್ಲಾಸ್ಟಿಕ್ ಫೈಲ್ ತುಂಬ ರಿಪೋರ್ಟ್ ಸೇರಿದ್ವು. ಎಕ್ಸ್‌ರೇ ಎರಡು ಸಲ. ಯೂರಿಕ್ ಆಸಿಡ್ ನಾರ್ಮಲ್. ಆರ್‌ಎ ಫ್ಯಾಕ್ಟರ್ ನೆಗೆಟಿವ್. ಇಎಸ್‌ಆರ್ ಮಾತ್ರ 78. ಎಂಆರ್‌ಐ ವರದಿಯ ಕೊನೇ ಸಾಲಲ್ಲಿ ಸೋಂಕು ಇರಬಹುದು, ಬರೀ ಉರಿಯೂತವೂ ಇರಬಹುದು, ಬೇರೆ ಪರೀಕ್ಷೆಗಳ ಜೊತೆ ತಾಳೆ ನೋಡಿ ಅಂತ ಬರೆದಿತ್ತು. ‘ಅಷ್ಟು ದುಡ್ಡು ಕೊಟ್ಟು ಇರಬಹುದು ಅನ್ನೋ ಒಂದು ಮಾತು ತಂದಂಗಾಯ್ತಲ್ಲೋ’ ಅಂತ ಮಾವ ನಕ್ಕಿದ್ದರು. ನಗು ಅಷ್ಟೇನೂ ಚೆನ್ನಾಗಿರಲಿಲ್ಲ.

ದೀಪಾವಳಿ ಕಳೆದ ಮೇಲೆ ದಾವಣಗೆರೆಯಲ್ಲಿ ಮಂಡಿಯೊಳಗಿನ ಪೊರೆಯ ಕೆಲವು ಚೂರು ತೆಗೆದು ಪರೀಕ್ಷೆ ಮಾಡಿದರು. ಆಗ ಗೊತ್ತಾಯ್ತು, ಅದು ಮಂಡಿಯ ಟಿ.ಬಿ. ಕೆಮ್ಮಿಲ್ಲ, ಕಫ ಇಲ್ಲ, ಎದೆ ಎಕ್ಸ್‌ರೇ ಸರಿ ಇದೆ. ಆದರೂ ಟಿ.ಬಿ.

ಆ ಪರೀಕ್ಷೆಯ ಹೆಸರು ಸೈನೋವಿಯಲ್ ಬಯಾಪ್ಸಿ. ಇದರ ಬಗ್ಗೆ ನಮ್ಮ ತಾಲ್ಲೂಕಿನಲ್ಲಿ ಕೇಳಿದವರೇ ಕಡಿಮೆ. ಬಯಾಪ್ಸಿ ಅಂದ ತಕ್ಷಣ ಕ್ಯಾನ್ಸರ್ ಅಂತ ಬಾಯಿ ಮುಚ್ಚಿಕೊಳ್ಳೋರೇ ಜಾಸ್ತಿ. ನಾನು ಬಿ.ಕಾಂ. ಎರಡನೇ ವರ್ಷಕ್ಕೇ ಬಿಟ್ಟವನು, ಮೆಡಿಕಲ್ ವಿಷಯ ಓದಿದವನಲ್ಲ. ಮಾವನ ಜೊತೆ ಆಸ್ಪತ್ರೆ ಬೆಂಚಿನ ಮೇಲೆ ಕೂತು ಕೇಳಿದ್ದು, ಆಮೇಲೆ ಕೆದಕಿ ಓದಿದ್ದು ಸೇರಿಸಿ ಇಲ್ಲಿ ಬರೆದಿದ್ದೇನೆ.

ಕೀಲಿನೊಳಗೆ ಏನಿದೆ?

ಎರಡು ಮೂಳೆ ಸೇರುವ ಜಾಗವನ್ನು ಒಂದು ಚೀಲ ಸುತ್ತಿಕೊಂಡಿರುತ್ತೆ. ಆ ಚೀಲದ ಒಳಗಡೆ ಅಸ್ತರ್ ಹಾಕಿದ ಹಾಗೆ ಒಂದು ತೆಳು ಪೊರೆ ಇದೆ, ಅದೇ ಸೈನೋವಿಯಂ. ಆರೋಗ್ಯವಾಗಿದ್ದಾಗ ಅದರ ಮೇಲ್ಪದರ ಬರೀ ಒಂದೆರಡು ಜೀವಕೋಶದಷ್ಟು ದಪ್ಪ. ಕೀಲಿಗೆ ಬೇಕಾದ ಜಾರುನೀರನ್ನು ತಯಾರಿಸೋದು ಇದರ ಕೆಲಸ. ಮಿಲ್ಲಿನ ಬೇರಿಂಗ್‌ಗೆ ಗ್ರೀಸ್ ಇದ್ದಂಗೆ ಅಂದುಕೊಳ್ಳಿ. ಎಣ್ಣೆ ಮಿಲ್ಲುಗಳ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೀಲಿಗೆ ಬರುವ ಬಹುತೇಕ ಊತದ ಕಾಯಿಲೆಗಳು ಕೂರೋದು ಈ ಪೊರೆಯಲ್ಲೇ. ಪೊರೆ ದಪ್ಪಗಾಗುತ್ತೆ, ಕೆಂಪಗಾಗುತ್ತೆ, ಬೇಕಿಲ್ಲದಷ್ಟು ನೀರು ಬಿಡುತ್ತೆ. ‘ಮಂಡಿಯಲ್ಲಿ ನೀರು ತುಂಬಿದೆ’ ಅಂತೀವಲ್ಲ, ಅದು ಇದೇ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತೆ, ಪೊರೆಯೊಳಗಿನ ಕಾಯಿಲೆ ಕಾಣಲ್ಲ. ಮೂಳೆ ಸವೆದು ಎಕ್ಸ್‌ರೇಯಲ್ಲಿ ಗೊತ್ತಾಗೋ ಹೊತ್ತಿಗೆ ಎಷ್ಟೋ ಸಲ ತಿಂಗಳುಗಳು ಕಳೆದಿರುತ್ತವೆ.

ರಕ್ತ ಪರೀಕ್ಷೆಗೂ ಅದರದೇ ಮಿತಿ ಇದೆ. ಇಎಸ್‌ಆರ್ ಜಾಸ್ತಿ ಬಂದರೆ ದೇಹದಲ್ಲಿ ಎಲ್ಲೋ ಉರಿ ಇದೆ ಅಂತ ಮಾತ್ರ ಅರ್ಥ, ಏನು ಉರೀತಿದೆ ಅಂತ ಅದು ಹೇಳಲ್ಲ. ಆರ್‌ಎ ಫ್ಯಾಕ್ಟರ್ ಅಂತೂ ಆರೋಗ್ಯವಂತರಲ್ಲೂ ಕೆಲವರಿಗೆ ಪಾಸಿಟಿವ್ ಬರುತ್ತೆ, ಟಿ.ಬಿ. ಇದ್ದವರಿಗೂ ಬರಬಹುದು, ನಿಜವಾದ ಸಂಧಿವಾತ ಇದ್ದವರಲ್ಲಿ ಕೆಲವರಿಗೆ ಬರೋದೇ ಇಲ್ಲ. ಗೌಟ್ ಜೋರಾಗಿ ಎದ್ದ ದಿನವೇ ಯೂರಿಕ್ ಆಸಿಡ್ ನಾರ್ಮಲ್ ತೋರಿಸೋದೂ ಉಂಟು. ಒಂದು ಚೀಟಿ ಹಿಡಿದು ‘ಬ್ಲಡ್ ರಿಪೋರ್ಟ್ ನಾರ್ಮಲ್, ಹಂಗಾದ್ರೆ ಏನೂ ಇಲ್ಲ’ ಅನ್ನೋದು ಇದಕ್ಕೇ ಸರಿಯಲ್ಲ.

ಮೊದಲು ನೀರು, ಆಮೇಲೆ ಪೊರೆ

ಒಂದೇ ಕೀಲು ಊದಿ ನೀರು ತುಂಬಿದೆ ಅಂದರೆ ಮೊದಲ ಕೆಲಸ ಆ ನೀರನ್ನು ಸೂಜಿಯಲ್ಲಿ ಎಳೆದು ನೋಡೋದು. ಬಿಳಿ ರಕ್ತಕಣ ಎಷ್ಟಿದೆ, ಗೌಟ್‌ನ ಸೂಜಿಯಂಥ ಹರಳು ಇದೆಯಾ, ಕೀವು ಮಾಡುವ ಬ್ಯಾಕ್ಟೀರಿಯಾ ಬೆಳೆಯುತ್ತಾ, ಇಷ್ಟು ಗೊತ್ತಾಗುತ್ತೆ. ಮೈಯೆಲ್ಲ ಜ್ವರ, ಮಂಡಿ ಬೆಂಕಿ ಥರ ಬಿಸಿ, ಒಂದೆರಡು ದಿನದಲ್ಲೇ ಕಾಲು ಊರೋಕೂ ಆಗದ ಸ್ಥಿತಿ ಬಂದರೆ ಅದು ಕೀವಿನ ಸೋಂಕು ಇರಬಹುದು. ಅದಕ್ಕೆ ತಿಂಗಳು ಕಾಯುವ ಮಾತೇ ಇಲ್ಲ, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಕೆಲವೇ ದಿನಗಳಲ್ಲಿ ಮೂಳೆ ತುದಿಯ ಮೃದ್ವಸ್ಥಿ ಹಾಳಾಗುತ್ತೆ.

ಮಾವನ ವಿಷಯದಲ್ಲೂ ನೀರು ತೆಗೆದಿದ್ದರು. ಲ್ಯಾಬಿನವರು ‘ನೋ ಗ್ರೋತ್’ ಅಂದರು. ಮಾವನೂ ಅತ್ತೆಯೂ ಅದನ್ನು ಸೋಂಕು ಇಲ್ಲ ಅಂತ ಓದಿಕೊಂಡರು. ಆದರೆ ಅದು ಸಾಮಾನ್ಯ ಬ್ಯಾಕ್ಟೀರಿಯಾದ ಕಲ್ಚರ್, ಕೆಲವೇ ದಿನದ್ದು. ಟಿ.ಬಿ. ರೋಗಾಣು ಬೆಳೆಯೋಕೆ ವಾರಗಳೇ ಬೇಕು, ಅದರ ಕಲ್ಚರೇ ಬೇರೆ. ಅದೂ ಅಲ್ಲದೆ ಕೀಲಿನ ಟಿ.ಬಿ.ಯಲ್ಲಿ ರೋಗಾಣು ಸಂಖ್ಯೆ ಕಡಿಮೆ, ಇರೋವೂ ಪೊರೆಯೊಳಗೇ ಅಡಗಿರುತ್ತವೆ. ನೀರಿಗಿಂತ ಪೊರೆಯ ಚೂರಿನಲ್ಲೇ ಅವು ಸಿಗುವ ಸಾಧ್ಯತೆ ಹೆಚ್ಚು.

ಹಾಗಂತ ಮಂಡಿ ನೋವು ಅಂದವರಿಗೆಲ್ಲ ಬಯಾಪ್ಸಿ ಅಲ್ಲ. ಐವತ್ತೈದು ಅರವತ್ತು ದಾಟಿದವರಿಗೆ ಮೆಟ್ಟಿಲು ಹತ್ತುವಾಗ ನೋವು, ಎದ್ದರೆ ಕಟಕಟ ಸದ್ದು, ಎರಡೂ ಮಂಡಿ ಸವೆತ ಇದ್ದರೆ ಅದು ಬಹುಪಾಲು ವಯಸ್ಸಿನ ಸವಕಳಿ. ಬೆಳಗ್ಗೆ ಎದ್ದಾಗ ಎರಡೂ ಕೈಬೆರಳ ಗಿಣ್ಣು ಒಂದು ಗಂಟೆ ಬಿಗಿ ಹಿಡಿದಿದ್ದು, ಹಲವು ಕೀಲು ಒಟ್ಟಿಗೇ ಊದಿದ್ದರೆ ಸಂಧಿವಾತದ ಕಡೆ ನೋಡುತ್ತಾರೆ. ಅದಕ್ಕೆ ಸಾಮಾನ್ಯವಾಗಿ ರಕ್ತ ಪರೀಕ್ಷೆ ಮತ್ತು ಡಾಕ್ಟರ ಕೈ ಪರೀಕ್ಷೆ ಸಾಕು. ಇನ್ನು ಗುನ್ಯಾ. 2006ರಲ್ಲಿ ಚಿಕೂನ್‌ಗುನ್ಯಾ ರಾಜ್ಯದ ತುಂಬ ಜನರನ್ನು ಮಲಗಿಸಿದ ಮೇಲೆ, ನಮ್ಮಲ್ಲಿ ಯಾವ ಕೀಲು ನೋವು ಬಂದರೂ ‘ಗುನ್ಯಾ ಇರಬೇಕು ಬಿಡು’ ಅನ್ನೋದು ರೂಢಿ. ಗುನ್ಯಾ ನೋವು ತಿಂಗಳುಗಟ್ಟಲೆ ಕಾಡೋದು ನಿಜ. ಆದರೆ ಅದು ಸಾಮಾನ್ಯವಾಗಿ ಕೈ, ಪಾದ, ಮಣಿಕಟ್ಟು ಅಂತ ಹಲವು ಕೀಲು ಹಿಡಿಯುತ್ತೆ, ಜ್ವರದ ಬೆನ್ನಿಗೇ ಬರುತ್ತೆ.

ಬಯಾಪ್ಸಿ ಮಾತು ಬರೋದು ಬೇರೆ ಥರದ ಕೀಲಿಗೆ. ಒಂದೇ ಕೀಲು, ಆರೆಂಟು ವಾರ ಆದರೂ ಊತ ಇಳಿದಿಲ್ಲ, ರಕ್ತ, ನೀರು, ಸ್ಕ್ಯಾನ್ ಯಾವುದೂ ಕಾಯಿಲೆಯ ಹೆಸರು ಹೇಳುತ್ತಿಲ್ಲ. ಜೊತೆಗೆ ಸಂಜೆ ಜ್ವರ, ತೂಕ ಇಳಿಯೋದು, ಸುತ್ತಲ ಮಾಂಸ ಸೊರಗೋದು ಇದ್ದರೆ ಇನ್ನೂ ಬೇಗ ಕೇಳಬೇಕಾದ ಪರೀಕ್ಷೆ ಇದು.

ಆ ಚೂರಲ್ಲಿ ಏನೇನು ಸಿಗುತ್ತೆ?

ನಮ್ಮ ದೇಶದಲ್ಲಿ ಮೊದಲು ಹುಡುಕೋದು ಟಿ.ಬಿ.ಯನ್ನೇ. ಜಗತ್ತಿನ ಟಿ.ಬಿ. ರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲೇ ಇದ್ದಾರೆ. ಟಿ.ಬಿ. ಬಂದ ನೂರು ಜನರಲ್ಲಿ ಒಬ್ಬರಿಂದ ಮೂವರಿಗೆ ಮೂಳೆ ಅಥವಾ ಕೀಲಿಗೆ ಹಿಡಿಯುತ್ತೆ. ಅದರಲ್ಲಿ ಅರ್ಧದಷ್ಟು ಬೆನ್ನುಮೂಳೆಗೆ, ಉಳಿದಿದ್ದರಲ್ಲಿ ಸೊಂಟ, ಮಂಡಿ ಮುಖ್ಯ. ಮೈಕ್ರೋಸ್ಕೋಪ್ ಕೆಳಗೆ ಪೊರೆಯಲ್ಲಿ ಗ್ರ್ಯಾನುಲೋಮಾ ಅನ್ನೋ ಜೀವಕೋಶಗಳ ಗಂಟು, ಅದರ ನಡುವೆ ಗಿಣ್ಣಿನಂತೆ ಸತ್ತುಹೋದ ಭಾಗ ಕಂಡರೆ ಟಿ.ಬಿ. ಅಂತ ಅನುಮಾನ ಗಟ್ಟಿಯಾಗುತ್ತೆ. ಸಿಬಿನಾಟ್ ಅನ್ನೋ ಯಂತ್ರ ಅದೇ ಚೂರಿನಲ್ಲಿ ರೋಗಾಣುವಿನ ಡಿಎನ್‌ಎ ಹುಡುಕಿ ಸುಮಾರು ಎರಡು ಗಂಟೆಯಲ್ಲಿ ಹೇಳುತ್ತೆ. ರಿಫಾಂಪಿಸಿನ್ ಔಷಧಿಗೆ ಅದು ಬಗ್ಗುತ್ತೋ ಇಲ್ಲವೋ ಅನ್ನೋದನ್ನೂ ತಿಳಿಸುತ್ತೆ. ರೋಗಾಣು ತೀರಾ ಕಡಿಮೆ ಇದ್ದರೆ ಸಿಬಿನಾಟ್ ತಪ್ಪಿಸಿಕೊಳ್ಳಬಹುದು. ಅದಕ್ಕೇ ಕಲ್ಚರನ್ನೂ ಹಾಕುತ್ತಾರೆ, ಅದಕ್ಕೆ ಆರರಿಂದ ಎಂಟು ವಾರ.

ನನಗೆ ತುಂಬ ಆಶ್ಚರ್ಯ ಆಗಿದ್ದು ಮುಳ್ಳಿನ ವಿಷಯ. ನಮ್ಮ ಸುತ್ತ ಬಳ್ಳಾರಿ ಜಾಲಿ ಇಲ್ಲದ ಜಾಗ ಎಲ್ಲಿದೆ ಹೇಳಿ. ಸೌದೆ ಕಡಿಯುವಾಗ, ಕುರಿ ಹಿಂದೆ ಓಡುವಾಗ ಮುಳ್ಳು ಚುಚ್ಚುತ್ತೆ, ಕಿತ್ತು ಬಿಸಾಕುತ್ತೇವೆ. ಮುರಿದ ತುದಿ ಕೀಲಿನೊಳಗೆ ಉಳಿದುಬಿಟ್ಟರೆ ವಾರಗಳೋ ತಿಂಗಳೋ ಆದ ಮೇಲೆ ಆ ಕೀಲು ಊದುತ್ತೆ. ಅಷ್ಟು ಹೊತ್ತಿಗೆ ಚುಚ್ಚಿದ್ದೇ ಮರೆತಿರುತ್ತೆ. ಮುಳ್ಳು ಎಕ್ಸ್‌ರೇಯಲ್ಲಿ ಕಾಣಲ್ಲ. ಈಚಲ ಮುಳ್ಳಿನಿಂದಲೂ ಹೀಗಾಗೋದು ವೈದ್ಯಕೀಯ ಬರಹಗಳಲ್ಲಿ ಮೊದಲಿಂದ ದಾಖಲಾಗಿದೆ. ಪೊರೆ ತೆಗೆದು ನೋಡಿದರೆ ಗಿಡದ ಚೂರು ಸಿಕ್ಕುತ್ತೆ, ಆ ಚೂರನ್ನೂ ಕೆಟ್ಟ ಪೊರೆಯನ್ನೂ ತೆಗೆದರೆ ಕಾಯಿಲೆ ಅಲ್ಲಿಗೆ ಮುಗೀತು. ಇಂಥವರಿಗೆ ವರ್ಷಗಟ್ಟಲೆ ಸಂಧಿವಾತದ ಮಾತ್ರೆ ಕೊಟ್ಟರೆ ಏನು ಬಂತು?

ಕುರಿ, ಮೇಕೆ, ದನ ಸಾಕುವವರಿಗೆ ಬ್ರುಸೆಲ್ಲಾ ಅನ್ನೋ ಇನ್ನೊಂದು ಸೋಂಕು ಕೀಲಿಗೆ ಬರಬಹುದು. ಕಾಯಿಸದ ಹಾಲು, ಗರ್ಭ ಹೋದ ಕುರಿಯ ಕಸ ಬರಿಗೈಯಲ್ಲಿ ಮುಟ್ಟೋದು, ಇವು ಅದರ ದಾರಿ. ಇದನ್ನು ಹೆಚ್ಚಾಗಿ ರಕ್ತದಲ್ಲೇ ಪತ್ತೆ ಮಾಡುತ್ತಾರೆ. ಡಾಕ್ಟರಿಗೆ ‘ನಮ್ಮನೇಲಿ ಕುರಿ ಅವೆ’ ಅಂತ ಹೇಳಿದರೆ ತಾನೇ ಅವರಿಗೆ ಆ ಯೋಚನೆ ಬರೋದು. ಪೊರೆಯೇ ಗಂಟುಗಂಟಾಗಿ ಬೆಳೆದು, ಪದೇ ಪದೇ ರಕ್ತ ಸೋರಿ ಕಂದು ಬಣ್ಣಕ್ಕೆ ತಿರುಗುವ ಒಂದು ಬೆಳವಣಿಗೆಯೂ ಇದೆ. ಹರೆಯದವರಲ್ಲಿ, ನಡುವಯಸ್ಸಿನವರಲ್ಲಿ ಬರುತ್ತೆ, ಸಾಮಾನ್ಯವಾಗಿ ಅದು ಕ್ಯಾನ್ಸರ್ ಅಲ್ಲ. ಫಂಗಸ್, ಸಾರ್ಕಾಯ್ಡ್ ಇನ್ನೂ ಅಪರೂಪ.

ಎಲ್ಲರಿಗೂ ಉತ್ತರ ಸಿಗುತ್ತೆ ಅಂತ ನಾನು ಹೇಳಲ್ಲ. ‘ನಾನ್ ಸ್ಪೆಸಿಫಿಕ್ ಕ್ರಾನಿಕ್ ಸೈನೋವೈಟಿಸ್’ ಅಂತ ವರದಿ ಬರೋದು ಮಾಮೂಲು. ಉರಿಯೂತ ಇದೆ, ಕಾರಣ ಗೊತ್ತಾಗಲಿಲ್ಲ ಅಂತ ಅದರ ಅರ್ಥ. ಸಾದಾ ಸಂಧಿವಾತಕ್ಕೂ ಸೋರಿಯಾಸಿಸ್ ಜೊತೆಗಿನ ಸಂಧಿವಾತಕ್ಕೂ ಪೊರೆ ನೋಡಿ ವ್ಯತ್ಯಾಸ ಹೇಳೋದು ಕಷ್ಟ. ಆದರೂ ಆ ಚೀಟಿ ದಂಡ ಅಲ್ಲ. ಟಿ.ಬಿ., ಮುಳ್ಳು, ಗಂಟು ಯಾವುದೂ ಕಾಣಲಿಲ್ಲ ಅಂದರೆ ಸಂಧಿವಾತದ ಔಷಧಿ ಬರೆಯೋ ಡಾಕ್ಟರಿಗೆ ಧೈರ್ಯ ಬರುತ್ತೆ. ವಿದೇಶದಲ್ಲಿ ಇದನ್ನು ಇನ್ನೊಂದಕ್ಕೂ ಬಳಸಿ ನೋಡುತ್ತಿದ್ದಾರೆ. ಸಂಧಿವಾತದ ಯಾವ ರೋಗಿಗೆ ಯಾವ ದುಬಾರಿ ಇಂಜೆಕ್ಷನ್ ಹಿಡಿಯುತ್ತೆ ಅಂತ ಪೊರೆ ನೋಡಿ ಮೊದಲೇ ಹೇಳಬಹುದಾ ಅಂತ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದವರ ನೇತೃತ್ವದಲ್ಲಿ ಯುರೋಪಿನಲ್ಲಿ 164 ಜನರ ಮೇಲೆ ನಡೆದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಸ್ಪಷ್ಟ ವ್ಯತ್ಯಾಸ ಸಿಗಲಿಲ್ಲ, ಪೊರೆಯ ಜೀನ್ ಓದಿದಾಗ ಸಿಕ್ಕಿತು. ನಮ್ಮೂರ ಮಂಡಿಗೆ ಅದು ಬರೋದು ಇನ್ನೂ ದೂರದ ಮಾತು.

ಹೇಗೆ ತೆಗೆಯುತ್ತಾರೆ?

ಮೂರು ದಾರಿ. ದಪ್ಪ ಸೂಜಿ ಹಾಕಿ ಚೂರು ಎಳೆಯೋದು ಹಳೇದು. ಅಮೆರಿಕದ ಪಾರ್ಕರ್ ಮತ್ತು ಪಿಯರ್ಸನ್ ಅನ್ನೋ ವೈದ್ಯರು 1963ರಲ್ಲಿ ಮಾಡಿದ ಸೂಜಿಗೆ ಇವತ್ತಿಗೂ ಅವರದೇ ಹೆಸರು. ಎರಡನೇದು ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ ದಪ್ಪಗಿರೋ ಜಾಗದಿಂದಲೇ ತೆಗೆಯೋದು. ಸಣ್ಣ ಕೀಲಿಗೂ ಆಗುತ್ತೆ, ಆ ಜಾಗ ಮಾತ್ರ ಮರಗಟ್ಟಿಸಿದರೆ ಸಾಕು. ಮೂರನೇದು ಆರ್ತ್ರೋಸ್ಕೋಪಿ. ಮಂಡಿಗೆ ಎರಡು ಸಣ್ಣ ತೂತು, ಒಂದರಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಚಿಮಟ. ಮಾವನಿಗೆ ಮಾಡಿದ್ದು ಇದೇ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕೆಳಗಿನ ಅರ್ಧ ಮರಗಟ್ಟಿಸಿದ್ದರು. ಪರದೆ ಮೇಲೆ ಅವರೂ ನೋಡಿದರಂತೆ. ‘ಕೆಂಪು ಪಾಚಿ ಕಟ್ಟಿದ ಬಾವಿ ಇದ್ದಂಗಿತ್ತು’ ಅಂತ ಈಗಲೂ ಹೇಳುತ್ತಾರೆ. ಮಾರನೇ ದಿನ ವಾಕರ್ ಹಿಡಿದು ಮನೆಗೆ ಬಂದರು.

ಒಂದೇ ಚೂರು ಸಾಲದು. ಕಾಯಿಲೆ ಪೊರೆಯ ಎಲ್ಲಾ ಕಡೆ ಒಂದೇ ಸಮ ಇರಲ್ಲ, ಅದಕ್ಕೇ ಬೇರೆ ಬೇರೆ ಜಾಗದಿಂದ ಆರೇಳು ಚೂರು ತೆಗೆಯುತ್ತಾರೆ. ಅಪಾಯ ಇಲ್ಲವೇ ಇಲ್ಲ ಅಂತಲ್ಲ. ಕೀಲಿನೊಳಗೆ ರಕ್ತ ತುಂಬಬಹುದು, ಹೊಸ ಸೋಂಕು ತಗಲಬಹುದು. ಸೋಂಕು ತಗಲೋದು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಹೃದಯಕ್ಕೆ ಅಂತ ರಕ್ತ ತೆಳು ಮಾಡೋ ಮಾತ್ರೆ ನುಂಗುವವರು, ಶುಗರ್ ಇರುವವರು ಅದನ್ನು ಮೊದಲೇ ಹೇಳಲೇಬೇಕು. ಮಾತ್ರೆ ನಿಲ್ಲಿಸೋದು ಬಿಡೋದು ಡಾಕ್ಟರ ತೀರ್ಮಾನ, ನಾವೇ ನಿಲ್ಲಿಸೋದಲ್ಲ.

ಎರಡು ಡಬ್ಬಿ ಯಾಕೆ ಬೇಕು?

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡೋದಾದರೆ ಇದನ್ನು ಇಡಿ. ತೆಗೆದ ಚೂರನ್ನು ಮೈಕ್ರೋಸ್ಕೋಪ್ ಪರೀಕ್ಷೆಗೆ ಕಳಿಸುವಾಗ ಫಾರ್ಮಲಿನ್ ಅನ್ನೋ ದ್ರವದಲ್ಲಿ ಹಾಕುತ್ತಾರೆ. ಫಾರ್ಮಲಿನ್ ಬಿದ್ದರೆ ರೋಗಾಣು ಸಾಯುತ್ತೆ, ಆಮೇಲೆ ಕಲ್ಚರ್ ಬೆಳೆಯಲ್ಲ, ಡಿಎನ್‌ಎ ಪರೀಕ್ಷೆಯೂ ಕೆಡುತ್ತೆ. ಕಲ್ಚರಿಗೆ, ಸಿಬಿನಾಟ್‌ಗೆ ಕಳಿಸುವ ಚೂರು ಸ್ಟೆರೈಲ್ ಸಲೈನ್ ನೀರಿನಲ್ಲಿ ಬೇರೆ ಡಬ್ಬಿಯಲ್ಲಿ ಹೋಗಬೇಕು. ಗೌಟ್ ಅನುಮಾನ ಇದ್ದರೆ ಇನ್ನೊಂದು ತೊಡಕು: ಯೂರಿಕ್ ಆಸಿಡ್ ಹರಳು ಫಾರ್ಮಲಿನ್‌ನಲ್ಲಿರೋ ನೀರಿಗೇ ಕರಗಿ ಹೋಗುತ್ತೆ, ಆ ಚೂರನ್ನು ಆಲ್ಕೋಹಾಲ್‌ನಲ್ಲಿ ಇಡಬೇಕು.

ಇಷ್ಟೆಲ್ಲ ಕಷ್ಟಪಟ್ಟು ತೆಗೆದ ಚೂರನ್ನೆಲ್ಲ ಒಂದೇ ಫಾರ್ಮಲಿನ್ ಡಬ್ಬಿಗೆ ಹಾಕಿಬಿಟ್ಟರೆ ಅರ್ಧ ಉತ್ತರ ಅಲ್ಲೇ ಕಳೆದುಹೋಯ್ತು. ಆಪರೇಷನ್ ಮುಂಚೆ ‘ಸಾರ್, ಟಿ.ಬಿ. ಕಲ್ಚರಿಗೂ ಬೇರೆ ಕಳಿಸ್ತೀರಾ?’ ಅಂತ ಒಂದು ಮಾತು ಕೇಳಿ. ನಾನು ಕೇಳಿದಾಗ ಅಲ್ಲಿನ ಡಾಕ್ಟ್ರು ಬೇಜಾರು ಮಾಡಿಕೊಳ್ಳಲಿಲ್ಲ, ಎರಡು ಡಬ್ಬಿ ತೋರಿಸಿಯೇ ಕಳಿಸಿದರು.

ಇಂಜೆಕ್ಷನ್ ಬಗ್ಗೆ ಒಂದು ಮಾತು

ಮಂಡಿಯೊಳಗೆ ಸ್ಟೆರಾಯ್ಡ್ ಕೊಡೋದೇ ತಪ್ಪು ಅಂತ ಯಾರೂ ಓದಿಕೊಳ್ಳಬೇಡಿ. ಸವಕಳಿಗೆ, ಸಂಧಿವಾತಕ್ಕೆ ಅದು ಒಪ್ಪಿತ ಚಿಕಿತ್ಸೆ. ತೊಂದರೆ ಇರೋದು ಕಾರಣ ಗೊತ್ತಿಲ್ಲದೆ ಕೊಡೋದರಲ್ಲಿ. ಸ್ಟೆರಾಯ್ಡ್ ಊತ ಇಳಿಸುತ್ತೆ, ಅದರ ಜೊತೆಗೇ ಆ ಜಾಗದಲ್ಲಿ ರೋಗಾಣು ಜೊತೆ ಹೋರಾಡುವ ಶಕ್ತಿಯನ್ನೂ ಇಳಿಸುತ್ತೆ. ಟಿ.ಬಿ.ಗೆ ಅದು ಬಾಗಿಲು ತೆಗೆದುಕೊಟ್ಟಂತೆ. ಹೆಸರಿಲ್ಲದ ಪೊಟ್ಟಣದ ಪುಡಿ, ‘ವಾತಕ್ಕೆ’ ಅಂತ ಕೊಡೋ ಸಣ್ಣ ಮಾತ್ರೆಗಳಲ್ಲೂ ಸ್ಟೆರಾಯ್ಡ್ ಇರಬಹುದು. ನುಂಗಿದ ಎರಡನೇ ದಿನಕ್ಕೇ ಹದಿನೆಂಟರ ಹುಡುಗನ ಹಾಗೆ ಓಡಾಡುವಂತಾದರೆ ಖುಷಿಗಿಂತ ಮೊದಲು ಅನುಮಾನ ಬರಬೇಕು. ಬಯಾಪ್ಸಿಗೆ ಹೋಗುವ ಮುಂಚೆ ಇಂಥದ್ದೇನು ತಗೊಂಡಿದ್ದೀರಿ ಅಂತ ಮುಚ್ಚಿಡದೆ ಹೇಳಿ. ಅವು ಫಲಿತಾಂಶವನ್ನೇ ಮಸುಕು ಮಾಡಬಹುದು.

ಮಾವನ ಮಂಡಿಗೆ ಆ ಎರಡು ಇಂಜೆಕ್ಷನ್ ಎಷ್ಟು ಹಾನಿ ಮಾಡಿದ್ವು ಅಂತ ಅಳೆದು ಹೇಳೋರು ಯಾರೂ ಇಲ್ಲ. ಕಳೆದುಹೋದ ಏಳೆಂಟು ತಿಂಗಳಂತೂ ಲೆಕ್ಕಕ್ಕೆ ಸಿಗುತ್ತೆ.

ಅಂಗಡಿ, ಗಿರಾಕಿ, ಟಿ.ಬಿ. ಅನ್ನೋ ಹೆಸರು

ಟಿ.ಬಿ. ಅಂತ ಗೊತ್ತಾದ ದಿನ ಮಾವ ಮಂಡಿ ಬಗ್ಗೆ ಕೇಳಲೇ ಇಲ್ಲ. ಕೇಳಿದ್ದು ಅಂಗಡಿ ಬಗ್ಗೆ. ‘ಜನಕ್ಕೆ ಗೊತ್ತಾದರೆ ನಮ್ಮ ಅಂಗಡೀಲಿ ಸಕ್ಕರೆ ತಗೊಳ್ತಾರೇನೋ?’ ಅಂದರು. ಮೊಮ್ಮಗಳನ್ನು ತೊಡೆ ಮೇಲೆ ಕೂರಿಸಿಕೊಳ್ಳೋದನ್ನೂ ನಿಲ್ಲಿಸಿಬಿಟ್ಟರು.

ಟಿ.ಬಿ. ಹರಡೋದು ಶ್ವಾಸಕೋಶದಲ್ಲಿ ಕಾಯಿಲೆ ಇದ್ದವರು ಕೆಮ್ಮಿದಾಗ, ಸೀನಿದಾಗ ಗಾಳಿಯಲ್ಲಿ. ಮಂಡಿಯೊಳಗೆ ಮಾತ್ರ ಇರೋ ಟಿ.ಬಿ. ಮುಟ್ಟಿದರೆ, ಜೊತೆ ಊಟ ಮಾಡಿದರೆ, ಅವರ ಕೈಯಿಂದ ಸಕ್ಕರೆ ಕಟ್ಟಿಸಿಕೊಂಡರೆ ಬರಲ್ಲ. ಶ್ವಾಸಕೋಶದಲ್ಲೂ ಇದೆಯಾ ಅಂತ ಎದೆ ಎಕ್ಸ್‌ರೇ, ಕಫ ಇದ್ದರೆ ಕಫ ಪರೀಕ್ಷೆ ಮಾಡಿ ಖಾತ್ರಿ ಮಾಡಿಕೊಳ್ಳುತ್ತಾರೆ. ಡಾಕ್ಟ್ರು ಇದನ್ನು ಎರಡು ಸಲ ಹೇಳಿದ ಮೇಲೆ ಮೊಮ್ಮಗಳು ತೊಡೆಗೆ ವಾಪಸ್ ಬಂದಳು, ಎಡ ತೊಡೆಗೆ.

ಇನ್ನೊಂದು ಭಯ, ಬಯಾಪ್ಸಿ ಅಂದರೆ ಕ್ಯಾನ್ಸರ್ ಅನ್ನೋದು. ಬಯಾಪ್ಸಿ ಅಂದರೆ ಜೀವ ಇರೋ ಅಂಗಾಂಶದ ಒಂದು ಚೂರು ತೆಗೆದು ನೋಡೋದು ಅಷ್ಟೇ. ಚೂರು ತೆಗೆದರು ಅಂತ ಟಿ.ಬಿ. ಮೈಯೆಲ್ಲ ಹರಡುತ್ತೆ ಅನ್ನೋ ಮಾತಿಗೂ ಬೆಲೆ ಕೊಡಬೇಡಿ.

ಖರ್ಚು, ಔಷಧಿ

ಆರ್ತ್ರೋಸ್ಕೋಪಿ ಖರ್ಚು ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯ ಇದೆ. ಆದರೆ ಬರೀ ಪರೀಕ್ಷೆಗೆ ಅಂತ ಮಾಡುವ ಬಯಾಪ್ಸಿ ಅದರಲ್ಲಿ ಬರುತ್ತಾ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾ ಅಂತ ಅಡ್ಮಿಟ್ ಆಗುವ ಮುಂಚೆಯೇ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕೇಳಿ. ಆಮೇಲೆ ಕೇಳಿದರೆ ಬಿಲ್ ಕೈಗೆ ಬಂದಿರುತ್ತೆ.

ಟಿ.ಬಿ. ಅಂತ ಖಚಿತವಾದರೆ ಔಷಧಿ ಸರ್ಕಾರದಿಂದ ಉಚಿತ, ಖಾಸಗಿಯಲ್ಲಿ ಪತ್ತೆಯಾದರೂ ಉಚಿತ. ಶ್ವಾಸಕೋಶದ ಟಿ.ಬಿ.ಗೆ ಆರು ತಿಂಗಳಾದರೆ ಮೂಳೆ, ಕೀಲಿಗೆ ಸಾಮಾನ್ಯವಾಗಿ ಹನ್ನೆರಡು ತಿಂಗಳು, ಕೆಲವರಿಗೆ ಇನ್ನೂ ಜಾಸ್ತಿ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಊಟದ ಖರ್ಚಿಗೆ ಅಂತ ಕೊಡುತ್ತಿದ್ದ ತಿಂಗಳಿಗೆ 500 ರೂಪಾಯಿಯನ್ನು 2024ರ ನವೆಂಬರಿನಿಂದ 1,000 ರೂಪಾಯಿ ಮಾಡಿದ್ದಾರೆ, ಚಿಕಿತ್ಸೆ ಇರುವಷ್ಟು ಕಾಲ ಬ್ಯಾಂಕ್ ಖಾತೆಗೇ ಬರುತ್ತೆ. ಟಿ.ಬಿ. ಸಹಾಯವಾಣಿ 1800-11-6666, ಕರೆ ಉಚಿತ. ಮಾತ್ರೆ ಶುರು ಮಾಡಿದ ಮೇಲೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಅದು ರಿಫಾಂಪಿಸಿನ್ ಬಣ್ಣ. ಕಣ್ಣು ಮಂಜಾದರೆ, ಕಣ್ಣು ಹಳದಿಯಾದರೆ, ಊಟ ಸೇರದೆ ವಾಂತಿ ಆದರೆ ಮಾತ್ರ ತಡ ಮಾಡದೆ ಡಾಕ್ಟರ ಹತ್ತಿರ ಹೋಗಬೇಕು.

ಮಾವನ ಸಿಬಿನಾಟ್ ವರದಿ ಮಾರನೇ ದಿನವೇ ಬಂದಿತ್ತು. ರಿಫಾಂಪಿಸಿನ್‌ಗೆ ಬಗ್ಗುವ ಟಿ.ಬಿ. ಅಂತ ಅದರಲ್ಲಿತ್ತು. ಆರು ವಾರ ಆದ ಮೇಲೆ ಕಲ್ಚರೂ ಅದನ್ನೇ ಹೇಳಿತು, ಅಷ್ಟರಲ್ಲಿ ಮಾತ್ರೆ ಶುರುವಾಗಿ ತಿಂಗಳು ದಾಟಿತ್ತು. ಈಗ ಒಂಬತ್ತನೇ ತಿಂಗಳು. ಊತ ಇಳಿದಿದೆ, ತೂಕ ಆರು ಕೆ.ಜಿ. ಹೆಚ್ಚಿದೆ, ಇಎಸ್‌ಆರ್ 22. ಮಂಡಿ ಮಾತ್ರ ಪೂರ್ತಿ ಮಡಚಲ್ಲ, ಕುರ್ಚಿ ಮೇಲೆ ಕೂತಷ್ಟು ಬಗ್ಗುತ್ತೆ. ಮೊದಲು ಗಲ್ಲಾ ಪೆಟ್ಟಿಗೆ ಹಿಂದೆ ಚಕ್ಕಳ ಮಕ್ಕಳ ಹಾಕಿ ಕೂರುತ್ತಿದ್ದವರು ಈಗ ಎತ್ತರದ ಸ್ಟೂಲ್ ಹಾಕಿಸಿಕೊಂಡಿದ್ದಾರೆ. ತಕ್ಕಡಿಯನ್ನೂ ಮೇಲಕ್ಕೆ ಎತ್ತಿಟ್ಟಿದ್ದಾರೆ. ಈ ಲೇಖನ ಬರೀತೀನಿ ಅಂದಾಗ ‘ಬರಿ, ಆದರೆ ಅಂಗಡಿ ಹೆಸರು ಹಾಕಬೇಡ ಕಣೋ’ ಅಂದರು.